ಜನರೇ ಕಾಲಿಡದ ತೀರದ ಮರಳು

ಅಕ್ಕಾ,

ಒಂದು ವಾರದ ಕೂಲಿ, ಜೀಪಿನ ಡೀಸೆಲ್, ಒಂದು ಪೆಟ್ಟಿಗೆ ಗಾಜಿನ ಬಾಟಲಿ: ಇಷ್ಟೂ ನಿನ್ನ ಗಂಡನ ಮುಖಕಾಂತಿಗೆ ಖರ್ಚಾಯಿತು. ಕೇಳು.

ಇಲ್ಲಿ ಸಮುದ್ರಕ್ಕೆ ಬರುವವರು ಬಿಸಿಲಿಗೆಂದು ಬಳಿದುಕೊಳ್ಳುವ ಕ್ರೀಮಿನ ರಾಸಾಯನಿಕ ಮರಳಿಗೆ ಎಷ್ಟು ಸೇರಿದೆ ಎಂದು ಒಂದು ಲ್ಯಾಬಿನವರು ಅಳೆಯುತ್ತಾರೆ. ಬಾಟಲಿಗೆ ಮರಳು ತುಂಬಿ ಕೊಡುವ ಗುತ್ತಿಗೆ ನನ್ನದು. ಹೋಲಿಸಿ ನೋಡಲು ಜನರೇ ಕಾಲಿಡದ ತೀರದ ಮರಳೂ ಬೇಕು. ಅಲ್ಲಿಗೆ ಹೋದವರು ಭಾವ. ನೋಡಿದರೆ, ಜನ ಕಿಕ್ಕಿರಿದ ತೀರಕ್ಕಿಂತ ಆ ಮರಳಿನಲ್ಲೇ ಹೆಚ್ಚು ಕ್ರೀಮು!

"ಏನ್ರೀ, ಅಲ್ಲಿ ಏಡಿಗಳು ಕ್ರೀಮ್ ಹಚ್ಕೊಂಡು ಓಡಾಡ್ತವಾ?" ಎಂದರು ಲ್ಯಾಬಿನ ಮೇಡಂ. ಆಮೇಲೆ ಅವರ ಕಣ್ಣು ಭಾವನ ಹಣೆಯ ಬಿಳಿ ಪಟ್ಟೆಯ ಮೇಲೆ ಬಿತ್ತು.

"ಹಚ್ಚಬೇಡಿ ಅಂತ ಹೇಳಿದ್ದೆ ತಾನೆ?"

"ಮೈಗೆ ಹಚ್ಚಿಲ್ಲ ಮೇಡಂ, ಬರೀ ಮುಖಕ್ಕೆ."

"ಯಾವುದ್ರಿಂದ ಹಚ್ಚಿದ್ರಿ?"

ಭಾವ ತಮ್ಮ ಬರಿಗೈ ನೋಡಿಕೊಂಡರು; ಮರಳು ತುಂಬಿದ್ದೂ ಅದೇ ಕೈಯಲ್ಲಿ. ಆಮೇಲೆ ನನ್ನ ಕಿವಿಯಲ್ಲಿ, "ಸುಟ್ಟ ಬದನೆಕಾಯಿ ಥರ ಮನೆಗೆ ಹೋದ್ರೆ ನಿಮ್ಮಕ್ಕ ಬಾಗಿಲು ತೆಗೀತಾಳೇನಯ್ಯಾ?"

ಗುತ್ತಿಗೆ ಕೈತಪ್ಪುವುದರಲ್ಲಿತ್ತು. ಮೇಡಂ ಕೈಕಾಲು ಹಿಡಿದು, ನಮ್ಮ ಖರ್ಚಿನಲ್ಲೇ ಮತ್ತೆ ತುಂಬಿ ಕೊಡುತ್ತೇವೆಂದು ಒಪ್ಪಿಸಿದೆ. ಈಗ ಆ ತೀರದಲ್ಲಿ ನಾನೇ ಅಗೆಯುತ್ತಿದ್ದೇನೆ. ಕೆಲಸಕ್ಕೇನೂ ಕೊರತೆಯಿಲ್ಲ, ಕೈಯಲ್ಲಿ ಕಾಸಿಲ್ಲ. ಈ ತಿಂಗಳು ದುಡ್ಡಿನ ದಾರಿ ಕಾಯಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು. ಒಟ್ಟು ಲೆಕ್ಕ: ಮೇಡಂಗೆ ಪುಕ್ಕಟೆ ಮರಳು, ನನಗೆ ಸೊಂಟನೋವು, ನಿನಗೆ ಬೆಳ್ಳಗೆ ಉಳಿದ ಗಂಡ.

ನಿನ್ನ ತಮ್ಮ