ಅಕ್ಕ ಎತ್ತಿಟ್ಟ ನಕಲು

ಅಕ್ಕಾ,

ದೂರದೂರದ ಸರ್ವರ್‌ಗಳನ್ನೆಲ್ಲ ಒಂದೇ ಪರದೆಗೆ ತರುವ ನಮ್ಮ ತಂತ್ರಾಂಶ ನೀನಿರುವಲ್ಲಿಗೆ ಮಾತ್ರ ಕನೆಕ್ಟ್ ಆಗುವುದಿಲ್ಲ. ಆದರೂ ವರದಿ ಒಪ್ಪಿಸುತ್ತೇನೆ.

ನಿನ್ನೆ ಹೊಸ ಆವೃತ್ತಿ ಬಿಟ್ಟೆ. ಬಿಡುಗಡೆಯ ಸಡಗರ, ಬೆಳಗಾದರೆ ಗಡಗಡ! ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದ ಮೇಡಂ ಫೋನಿನಲ್ಲೇ ಉರಿದುಬಿದ್ದರು.

"ಏನ್ರೀ ಇದು, ಅಪ್‌ಡೇಟ್ ಮಾಡಿದ್ರೆ ನಾವು ಸೇವ್ ಮಾಡಿದ್ದ ಸರ್ವರ್‌ಗಳ ಪಟ್ಟಿಯೇ ಮಾಯ! ಸಂಜೆಯೊಳಗೆ ಬರದಿದ್ರೆ ನಿಮಗೊಂದು ದೊಡ್ಡ ನಮಸ್ಕಾರ."

ನಮ್ಮ ಅತಿ ದೊಡ್ಡ ಗಿರಾಕಿ ಅವರು.

ಆಗ ನೆನಪಾದದ್ದು, ಅಪ್‌ಡೇಟ್‌ಗೆ ಮೊದಲು ಹಳೆಯ ಪಟ್ಟಿಯ ನಕಲನ್ನು ಸದ್ದಿಲ್ಲದೆ ಎತ್ತಿಡಲು ನೀನು ಬರೆದಿದ್ದ ಕೋಡ್. "ಇದೆಲ್ಲ ಅಜ್ಜಿ ಬುದ್ಧಿ" ಎಂದು ನಾನು ನಗುತ್ತಿದ್ದೆ. ನೀನು ಹೋದಮೇಲೆ ಅದನ್ನು ಅಳಿಸಲು ಕೈ ಬರಲಿಲ್ಲ. ಆ ನಕಲನ್ನು ತೆರೆಯುವ ದಾರಿಯನ್ನು ಮೇಡಂಗೆ ಹೇಳಿದೆ. ಸರ್ವರ್‌ಗಳೆಲ್ಲ ಒಂದೊಂದಾಗಿ ಮರಳಿದವು.

"ಅಬ್ಬ! ಇದನ್ನ ಮಾಡಿದ್ದು ಯಾರ್ರೀ?"

"ನಮ್ಮಕ್ಕ."

"ಫೋನ್ ಕೊಡಿ ಅವರಿಗೆ, ಥ್ಯಾಂಕ್ಸ್ ಹೇಳ್ಬೇಕು."

"ಸೀಟಲ್ಲಿಲ್ಲ ಮೇಡಂ. ನಾನೇ ಹೇಳ್ತೀನಿ."

ಹೇಳಿದ್ದೇನೆ. ನಾಳೆಯಿಂದ ಫೋನೆತ್ತಲು ಹೊಸಬಳೊಬ್ಬಳು ಬರುತ್ತಾಳೆ. ಇಷ್ಟು ದಿನ ಯಾರಿಗೂ ಬಿಡದ ನಿನ್ನ ಕುರ್ಚಿಯನ್ನು ಈಗಷ್ಟೇ ಒರೆಸಿಟ್ಟೆ.