ಗ್ಯಾಲರಿಯಲ್ಲಿ ಮೊದಲು ಕೂತ ಮಣ್ಣು

ನನ್ನ ಉಸ್ತಾದರಿಗೆ, ಯಡಿಯೂರಿನ ಗರಡಿಯಿಂದ ನಿಮ್ಮ ಚಿಕ್ಕಣ್ಣ ಮಾಡುವ ನಮಸ್ಕಾರ.

ಖುಷಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ನಮ್ಮ ಕಬ್ಬಿಣದ ಗ್ಯಾಲರಿ ಇವತ್ತು ಪರೀಕ್ಷೆಯಲ್ಲಿ ಗೆದ್ದಿತು. ಅದೂ ಹೇಗೆ ಅಂತೀರಿ... ಇರಿ, ಮೊದಲಿಂದ ಹೇಳುತ್ತೇನೆ.

ಬೊಂಬಿನ ಗ್ಯಾಲರಿ ಮುರಿದ ದಿನ ನೀವು ಲಂಗೋಟಿ ಬಿಗಿದು ಅಖಾಡಕ್ಕೆ ಇಳಿಯುವುದರಲ್ಲಿದ್ದಿರಿ. ಕುಸ್ತಿ ಅಂದರೆ ಮೂಗು ಮುರಿಯುತ್ತಿದ್ದ ನಿಮ್ಮ ಮನೆಯವರು, ನಮ್ಮ ಗೌರಕ್ಕ, ಅವತ್ತು ಮೊದಲ ಸಲ ಗಂಡನ ಕುಸ್ತಿ ನೋಡಲು ಬಂದಿದ್ದರು. ನೀವು ಸಲಾಮಿ ಹೊಡೆಯುವ ಮೊದಲೇ ಗ್ಯಾಲರಿ ಕುಸಿದು ಅವರ ಕಾಲು ಮುರಿಯಿತು. "ಜನ ಕೂರೋಕೆ ಗಟ್ಟಿ ಜಾಗ ಆಗೋಗಂಟ ಈ ಗರಡೀಲಿ ಪಂದ್ಯ ಇಲ್ಲ ಕಣ್ರಲಾ" ಅಂದುಬಿಟ್ಟಿರಿ. ಆಮೇಲೆ ಪಂದ್ಯವೂ ನಡೆಯಲಿಲ್ಲ, ನೀವೂ ಕಣ್ಣು ಮುಚ್ಚಿದಿರಿ. ನಿಮ್ಮ ಮಾತು ನಡೆಸದೆ ನಾವು ಯಾವ ಮುಖ ಹೊತ್ತು ಪಂದ್ಯ ಕರೆಯುವುದು, ನೀವೇ ಹೇಳಿ?

ಮೊನ್ನೆ ಕಬ್ಬಿಣದ ಗ್ಯಾಲರಿ ಎದ್ದು ನಿಂತಾಗ ನಾನು ಹೊಸ ಎತ್ತು ಕೊಂಡವನ ಹಾಗೆ ಅದರ ಸುತ್ತ ಸುತ್ತಿದೆ. ಆದರೆ ಪರವಾನಗಿ ಸಿಗಬೇಕಾದರೆ ಇಂಜಿನಿಯರ್ ಒಪ್ಪಬೇಕು. ಬಂದವರು ಜೋರು ಗಾಳಿಗೆ ಹಾರಿಹೋಗುವಂಥ ಸಣಕಲು ಮನುಷ್ಯ. "ಜನ ಕೂತು ಕುಣಿದ್ರೆ ಎಷ್ಟು ಭಾರ ಬೀಳುತ್ತೋ ಅದಕ್ಕಿಂತ ಸ್ವಲ್ಪ ಜಾಸ್ತೀನೇ ಮರಳಿನ ಮೂಟೆ ಪೇರಿಸ್ಬೇಕು, ಪೈಲ್ವಾನ್ರೇ. ಒಂದು ದಿನ ಬಿಟ್ಟು ಇಳಿಸ್ಬೇಕು. ಭಾರಕ್ಕೆ ಕಬ್ಬಿಣ ಬಗ್ಗೋದು ತಪ್ಪಲ್ಲ. ಇಳಿಸಿದ್ಮೇಲೆ ಮೊದಲಿದ್ದ ಜಾಗಕ್ಕೆ ವಾಪಸ್ ಬರ್ಬೇಕು" ಅಂದರು. ನೀವು ನಮಗೆ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ?

ಮರಳಿಗೆ ಎಲ್ಲಿ ಹೋಗುವುದು? ನಮ್ಮ ರಾಗಿ ಹೊಲಗಳೆಲ್ಲ ಜಯನಗರವಾಗಿ ಬ್ಲಾಕ್ ಬ್ಲಾಕಿಗೂ ಮನೆ ಏಳುತ್ತಿವೆ. ಮರಳಿನ ಲಾರಿಯವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಆಗ ಹಿತ್ತಲಿನ ಗುಡ್ಡೆ ಕಣ್ಣಿಗೆ ಬಿತ್ತು. ಅಖಾಡಕ್ಕೆ ಹೊಸ ಕೆಮ್ಮಣ್ಣು ಹಾಕುವಾಗ ತೆಗೆದ ಹಳೇ ಮಣ್ಣು. ನೀವು ಅರಿಶಿನ, ಎಣ್ಣೆ, ಮಜ್ಜಿಗೆ ಸುರಿದು ಸಾಕಿದ್ದನ್ನು ಎಲ್ಲೋ ಚೆಲ್ಲಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಇಂಜಿನಿಯರ್ ಒಂದು ಚೀಲಕ್ಕೆ ಮುಕ್ಕಾಲು ಭಾಗ ಮಣ್ಣು ತುಂಬಿಸಿ, ತೂಗಿ, "ಎಲ್ಲಾ ಹೀಗೇ ಇರ್ಲಿ" ಅಂದರು. ತೊಲೆಗಳ ಕೆಳಗೆ ದಾರ ಬಿಗಿದು ಗುರುತು ಮಾಡಿ ಹೊರಟುಹೋದರು. ನಿಮ್ಮ ಶಿಷ್ಯರು ಕೇಳುತ್ತಾರೆಯೇ? ಪೈಲ್ವಾನ್ ಹೊರುವ ಮೂಟೆ ಜೋಲು ಬಿದ್ದರೆ ಮರ್ಯಾದೆ ಉಳಿಯುತ್ತದೆಯೇ? ನೀರು ಚಿಮುಕಿಸಿ, ಗುದ್ದಿ ಗುದ್ದಿ, ಕುತ್ತಿಗೆವರೆಗೂ ತುಂಬಿ ಎಲ್ಲ ಸಾಲಿಗೂ ಪೇರಿಸಿದರು. ನಾನೂ ಚೆನ್ನಾಗಿಯೇ ಗುದ್ದಿದೆ.

ಇವತ್ತು ಬೆಳಿಗ್ಗೆ ಇಂಜಿನಿಯರ್ ಬಂದು ಒಂದು ಮೂಟೆಗೆ ಕೈ ಹಾಕಿದರು. ಅದು ಅಲ್ಲಾಡಲಿಲ್ಲ. ಇಳಿಸಿ ತೂಗಿಸಿದರೆ, ಅವರು ಹೇಳಿದ್ದರ ಒಂದೂವರೆ ಪಟ್ಟು. ಅವರ ಮುಖ ಬಿಳಿಚಿಕೊಂಡಿತು. "ಏನ್ರೀ ಮಾಡಿದ್ರಿ? ಯಾರೂ ಕೆಳಗೆ ನಿಲ್ಬೇಡಿ. ಕಬ್ಬಿಣ ಒಂದ್ಸಲ ಸೋತ್ರೆ ಮತ್ತೆ ಏಳಲ್ಲ" ಅಂದರು. ನಡುವಿನ ತೊಲೆ ಗುರುತಿಗಿಂತ ಬೆರಳಗಲ ಕೆಳಗೆ ಬಂದಿತ್ತು. ಜಂಬಕ್ಕೆ ಬಿದ್ದು ನಿಮ್ಮ ಮಾತನ್ನು ನಾವೇ ಕೆಡಿಸಿದೆವೇ ಅನ್ನಿಸಿತು.

ಎರಡೂ ತುದಿಯಿಂದ ಒಂದೊಂದೇ ಮೂಟೆಯನ್ನು, ಮಲಗಿದ ಮಗುವನ್ನು ಎತ್ತುವ ಹಾಗೆ ಇಳಿಸಿದೆವು. ಎಲ್ಲ ಇಳಿದ ಮೇಲೆ ಇಂಜಿನಿಯರ್, ಕೆಳಗೆ ಚೆಲ್ಲಿದ್ದು ಗರಡಿ ಮಣ್ಣೆಂದು ಬೂಟು ಬಿಚ್ಚಿಟ್ಟು ತೊಲೆಯಡಿ ನುಗ್ಗಿದರು. ದಾರ ನೋಡಿದರು, ಮತ್ತೊಮ್ಮೆ ನೋಡಿದರು. ಹೊರಗೆ ಬಂದಾಗ ಹಣೆಗೆಲ್ಲ ಮಣ್ಣು, ಬಾಯಿ ತುಂಬ ನಗು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇದನ್ನ ಕೆಡವೋಕೆ ನಿಮ್ಮಂಥೋರಿಂದ್ಲೂ ಆಗ್ಲಿಲ್ಲ. ಧೈರ್ಯವಾಗಿ ಪಂದ್ಯ ನಡೆಸಿ" ಅಂದರು. ಹುಡುಗರು ಅವರನ್ನೇ ಮೂಟೆಯ ಹಾಗೆ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು.

ಆ ಗದ್ದಲದಲ್ಲೇ ಗೌರಕ್ಕ ಕೋಲೂರಿಕೊಂಡು ಬಂದರು. ಯಾರ ಕೈಯನ್ನೂ ಹಿಡಿಯದೆ ಮೇಲಿನ ಸಾಲಿಗೇ ಹತ್ತಿ, ಕೂತು, ಕೋಲಿನಿಂದ ಕಬ್ಬಿಣವನ್ನು ಎರಡು ಸಲ ಕುಟ್ಟಿದರು. "ಗಟ್ಟಿಯಾಗೈತೆ ಕಣೋ ಚಿಕ್ಕಣ್ಣ. ಆ ಮಣ್ಣಲ್ಲಿ ಒಂದು ಮೂಟೆ ತಂದು ಇಲ್ಲಿ ನನ್ ಪಕ್ಕ ಇಡು."

"ಪರೀಕ್ಷೆ ಮುಗೀತಲ್ಲಕ್ಕ, ಇನ್ಯಾಕೆ?"

"ಅವ್ರ ಕುಸ್ತಿ ನೋಡೋ ಭಾಗ್ಯ ನಂಗಿರ್ಲಿಲ್ಲ. ಭಾನುವಾರ ನಿಮ್ ಕುಸ್ತೀನಾದ್ರೂ ಇಬ್ರೂ ಕೂತ್ಕೊಂಡ್ ನೋಡ್ತೀವಿ."

ಮೂಟೆ ಇಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಭಾನುವಾರದ ಮೊದಲ ಜೋಡಿ ನನ್ನದು, ಉಸ್ತಾದ್. ಮೇಲಿನ ಸಾಲಿಗೇ ಮುಖ ಮಾಡಿ ಸಲಾಮಿ ಹೊಡೆಯುತ್ತೇನೆ.

ನಿಮ್ಮ ಚಿಕ್ಕಣ್ಣ