ಹೆಸರು ಹಿಡಿದು ಕರೆ

ಭದ್ರಾವತಿ
೧೨ ಫೆಬ್ರವರಿ ೨೦೨೫

ಪ್ರೀತಿಯ ಸುಶ್ಮಿತಾ,

ನೀನೂ ಪಾಪುವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹದಿನೈದು ದಿನದಿಂದ ಹೊಳಲೂರಿನ ಕಡೆ ತಲೆ ಹಾಕಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಬಾಣಂತಿ ಕಿವಿಗೆ ಫೋನ್ ಹಿಡಿಯಬಾರದೆಂದು ನಿಮ್ಮಮ್ಮ ಅದನ್ನು ಸ್ಪೀಕರಿಗೆ ಹಾಕಿಟ್ಟಿರುತ್ತಾರೆ. ಇದು ಮನೆಮಂದಿಯೆಲ್ಲ ಕೇಳುವ ಮಾತಲ್ಲ. ನಗಬೇಡ. ನನಗೆ ನಿದ್ದೆ ಮಾಡಲು ಹೆದರಿಕೆಯಾಗುತ್ತಿದೆ.

ನೀನಿದ್ದಾಗ ಆ ಸಣ್ಣ ಮಂಚದಲ್ಲಿ ಇಬ್ಬರೂ ಮಗ್ಗುಲಾಗಿಯೇ ಮಲಗಬೇಕಿತ್ತು. ನಾನು ಅಂಗಾತ ಆದರೆ ನಿನ್ನ ಮೊಣಕೈ ಪಕ್ಕೆಗೆ ಬೀಳುತ್ತಿತ್ತು. ಈಗ ಮಂಚವೆಲ್ಲ ನನ್ನದೇ. ನೈಟ್ ಶಿಫ್ಟ್ ಮುಗಿಸಿ ಬಂದು, ಕಿಟಕಿಗೆ ನಿನ್ನ ಹಳೇ ಸೀರೆ ಕಟ್ಟಿ, ಅಂಗಾತ ಮಲಗಿ, ಫೌಂಡ್ರಿಗೆ ಬಂದಿದ್ದ ಯೋಗದವರು ಕಲಿಸಿದ ಹಾಗೆ ಕಾಲ್ಬೆರಳಿಂದ ಒಂದೊಂದೇ ಅಂಗ ಸಡಿಲ ಬಿಡುತ್ತಿದ್ದೆ. ಹೋದ ವಾರ ಒಂದು ಮಧ್ಯಾಹ್ನ ಕುತ್ತಿಗೆಯವರೆಗೂ ಸಡಿಲವಾಗಿತ್ತು. ಪಕ್ಕದ ಮನೆ ಲಿಂಗಮ್ಮನ ಕುಕ್ಕರ್ ಕೂಗುವುದು ಕೇಳುತ್ತಲೇ ಇತ್ತು. ಮೈಯೆಲ್ಲ ಜುಂ ಎಂದಿತು. ಆಮೇಲೆ ನಾನು ಫ್ಯಾನಿನ ಹತ್ತಿರ ಇದ್ದೆ, ಕೆಳಗೆ ಮಂಚದ ಮೇಲೂ ನಾನೇ ಇದ್ದೆ. ಬಾಯಿ ತೆರೆದಿತ್ತು, ಒಂದು ಕಾಲು ಹೊದಿಕೆಯಿಂದ ಆಚೆ. ಕೂಗೋಣವೆಂದರೆ ದನಿಯಿಲ್ಲ, ಇಳಿಯೋಣವೆಂದರೆ ದಾರಿ ಗೊತ್ತಿಲ್ಲ. ಎಷ್ಟು ಹೊತ್ತೋ, ಲಿಂಗಮ್ಮ ಬಾಗಿಲು ಬಡಿದಾಗ ದಡಕ್ಕನೆ ಮೈಗೆ ಬಂದೆ. ಅಂಗಿ ಒದ್ದೆಯಾಗಿತ್ತು. ಅದಾದ ಮೇಲೆ ಇನ್ನೂ ಎರಡು ಸಲ ಹಾಗೇ ಆಯಿತು.

ಮೇಲಿಂದ ನೋಡಿದಾಗ ಬೀರುವಿನ ಮೇಲೆ ನಿನ್ನ ನೀಲಿ ಕೊಡೆ ಕಂಡಿತ್ತು. ನಿಜವೇ ಎಂದು ಆಮೇಲೆ ಸ್ಟೂಲ್ ಹಾಕಿ ಹತ್ತಿದರೆ ಬರೀ ಹಳೇ ಕ್ಯಾಲೆಂಡರು. ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯ ಡಾಕ್ಟರಿಗೆ ಹೇಳಿದೆ. "ಆತ್ಮ ಎಲ್ಲೂ ಹೋಗಿಲ್ಲ ಕಣ್ರಿ. ಹಗಲು ಬಿಟ್ಟು ಬಿಟ್ಟು ನಿದ್ದೆ, ಅದರ ಮೇಲೆ ಅಂಗಾತ ಮಲಗಿ ಮೈ ಪೂರ್ತಿ ಸಡಿಲ ಬಿಡ್ತೀರಿ. ಮೈ ಮಲಗುತ್ತೆ, ಬುದ್ಧಿ ಅರ್ಧ ಎದ್ದಿರುತ್ತೆ. ಮಗ್ಗುಲಾಗಿ ಮಲಗಿ, ಸಾಕು" ಎಂದರು. ಮಗ್ಗುಲಾಗಿಯೇ ಮಲಗುತ್ತೇನೆ. ನಿದ್ದೆ ಹತ್ತಿದ ಮೇಲೆ ಅಂಗಾತ ಹೊರಳಿದರೆ ತಡೆಯುವವರು ಯಾರು?

ನನ್ನ ಕ್ರೇನಿಗೆ ಕೆಳಗಿನಿಂದ ಸನ್ನೆ ಕೊಡುವ ವಿಷ್ಣು ಕೇಳಿ ನಕ್ಕ. "ಎಂಟು ವರ್ಷ ಮೇಲೆ ಕೂತು ನಮ್ಮ ತಲೆ ನೋಡಿದೀಯ ಮಾರಾಯ, ಈಗ ನಿಂದೂ ನೋಡ್ಕೊ" ಎಂದ. ನಿನ್ನೆ ಅವನೂ ನಗಲಿಲ್ಲ. ಮೂರು ದಿನದಿಂದ ಹೆದರಿ ನಾನು ಕಣ್ಣು ಮುಚ್ಚಿರಲಿಲ್ಲ. ಕರಗಿದ ಕಬ್ಬಿಣ ಎತ್ತಿಕೊಂಡು ಬರುವಾಗ ಕ್ಯಾಬಿನ್ನಿನಲ್ಲೇ ಜೋಂಪು ಹತ್ತಿತು. ವಿಷ್ಣು ಸೀಟಿ ಊದಿದ್ದಕ್ಕೆ ಎಚ್ಚರವಾಯಿತು. ಕೆಳಗೆ ನಾಲ್ಕು ಜನ ಇದ್ದರು. ನಾನೇ ಕೇಳಿಕೊಂಡು ಈ ವಾರದ ಮಟ್ಟಿಗೆ ಕೆಳಗಿನ ಕೆಲಸ ಹಾಕಿಸಿಕೊಂಡಿದ್ದೇನೆ, ಸೋಮವಾರ ಮತ್ತೆ ಕ್ರೇನ್ ಹತ್ತಬೇಕು. ಅಷ್ಟರೊಳಗೆ ನಿದ್ದೆ ಬರಬೇಕು, ನಿದ್ದೆ ಬಂದರೆ ಎಬ್ಬಿಸುವವರು ಬೇಕು.

ಅದಕ್ಕೇ ಒಂದು ಉಪಕಾರ ಮಾಡು. ನನ್ನ ಹೆಸರನ್ನು ನಿನ್ನ ದನಿಯಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಕಳಿಸು, ಅದನ್ನೇ ಮಧ್ಯಾಹ್ನದ ಅಲಾರಂ ಮಾಡಿಕೊಳ್ಳುತ್ತೇನೆ. "ರೀ" ಎನ್ನಬೇಡ. ಹೆಸರು ಹಿಡಿದೇ ಕರೆ, ಜೋರಾಗಿ. ಗಂಡನ ಹೆಸರು ಕೂಗುತ್ತೀಯಾ ಎಂದು ನಿಮ್ಮಮ್ಮ ಬೈದರೆ ತಪ್ಪನ್ನು ನನ್ನ ಮೇಲೆ ಹಾಕು.

ಅತ್ತೆ ಮಾವನಿಗೆ ನಮಸ್ಕಾರ. ಪಾಪುವಿನ ನೆತ್ತಿಗೆ ನನ್ನ ಮುತ್ತು. ಅವಳು ನೂರು ಕಾಲ ಚೆನ್ನಾಗಿರಲಿ, ಕಣ್ಣ ತುಂಬ ನಿದ್ದೆ ಮಾಡಲಿ.

ನಿನ್ನ
ಜಯಕುಮಾರ್

ತಾ.ಕ.: ನಮ್ಮಪ್ಪನ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ರಾತ್ರಿಯೆಲ್ಲ ಲಾರಿ ಓಡಿಸಿ ಹಗಲು ಮಲಗುತ್ತಿದ್ದ ಅವರಿಗೂ ಹೀಗಾಗುತ್ತಿತ್ತು. "ನಾನು ಅಂಗಾತ ಬಿದ್ಕೊಂಡು ಅಲ್ಲಾಡದೆ ಇದ್ರೆ ಹೆಸರು ಹಿಡಿದು ಕರಿ ಮಾರಾಯ. ಅಪ್ಪ ಅಂದ್ರೆ ಮೇಲಕ್ಕೆ ಕೇಳಲ್ಲ" ಎನ್ನುತ್ತಿದ್ದರು. ಆಗ ನನಗೆ ಹದಿನೇಳು. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಎರಡು ಸಲ ಅಪ್ಪ ಎಂದೆ. ಏಳಲಿಲ್ಲ. ಅಪ್ಪನನ್ನು ಹೆಸರು ಹಿಡಿದು ಹೇಗೆ ಕರೆಯುವುದೆಂದು ನಾಚಿಕೆಯಾಗಿ, ಮಲಗಿರಲಿ ಎಂದು ಕ್ರಿಕೆಟ್ಟಿಗೆ ಹೋದೆ. ಹೃದಯ ನಿಂತುಹೋಗಿತ್ತು, ನಾನು ಕರೆದಿದ್ದರೂ ಏಳುತ್ತಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಆ ಸಂಜೆ ಆಟದಿಂದ ಬಂದು ಅವರ ಕಿವಿಯ ಹತ್ತಿರ ಬಗ್ಗಿ ಕರಿಯಣ್ಣ, ಕರಿಯಣ್ಣ ಎಂದೆ. ನಮ್ಮಮ್ಮ ಬಂದು ನನ್ನ ಬಾಯಿ ಮುಚ್ಚುವವರೆಗೂ ಕರೆದೆ.